ಬೆಂಗಳೂರಿಗೆ ಹೂವಿನ ಪಂಚಾಂಗ ಬರೆದವರು: ಜಿ.ಎಚ್. ಕೃಂಬಿಗಲ್

(ಹಳೆಯ ವಿದ್ಯಾರ್ಥಿ, 2005ನೇ ಸಾಲಿನ ಎಸ್‌.ಎಸ್‌.ಎಲ್‌.ಸಿ. ತಂಡ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ನಮ್ಮ ಪ್ರೌಢಶಾಲೆಯಲ್ಲಿ ಓದಿದವರಲ್ಲಿ ಲಾಲ್‌ಬಾಗ್ ನೋಡದವರು ಕಡಿಮೆ. ಶಾಲಾ ಪ್ರವಾಸ ಬೆಂಗಳೂರಿಗೆ ಹೊರಟರೆ ವಿಧಾನಸೌಧದ ಮುಂದೆ ಒಂದು ಗ್ರೂಪ್ ಫೋಟೊ, ವಿಶ್ವೇಶ್ವರಯ್ಯ ಮ್ಯೂಸಿಯಂ, ಮಧ್ಯಾಹ್ನ ಲಾಲ್‌ಬಾಗ್‌ನ ಮರದ ನೆರಳಲ್ಲಿ ಮನೆಯಿಂದ ಕಟ್ಟಿಕೊಂಡು ಹೋದ ಚಿತ್ರಾನ್ನ. ಮೈಸೂರಿಗೆ ಹೋದ ತಂಡದವರು ಸಂಜೆ ಬೃಂದಾವನದ ಕಾರಂಜಿ ನೋಡಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಹಾಡುತ್ತಾ ಊರು ಸೇರಿದ್ದೇವೆ. ಈ ಎರಡೂ ಜಾಗಗಳಿಗೆ ಕೆಲಸ ಮಾಡಿದ ಒಬ್ಬ ಮಹನೀಯರಿದ್ದಾರೆ. ಅವರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಬಂದ ನೆನಪು ನನಗಿಲ್ಲ. ಗುಸ್ತಾವ್ ಹರ್ಮನ್ ಕೃಂಬಿಗಲ್ ಎಂಬ ಆ ಜರ್ಮನ್ ತೋಟಗಾರರ ಜೀವನವನ್ನು ಈ ಸುವರ್ಣ ಮಹೋತ್ಸವ ಸಂಚಿಕೆಯ ಓದುಗರಿಗೆ ಪರಿಚಯಿಸುವುದು ನನ್ನ ಉದ್ದೇಶ.

ಇಂಥ ಸಂಚಿಕೆಗೆ ಶಾಲೆಯ ನೆನಪು ಬರೆಯುವುದು ವಾಡಿಕೆ. ನನ್ನ ಗುರುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಬೇರೆ ಪುಟಗಳಲ್ಲಿ ಇದ್ದಾರೆ. ನಾನು ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದಾಗ ಬಾಡಿಗೆಗೆ ಸಿಕ್ಕ ಕೋಣೆ ಲಾಲ್‌ಬಾಗ್‌ನ ಹತ್ತಿರವಿತ್ತು. ಅದರ ಪಕ್ಕದಲ್ಲೇ ಕೃಂಬಿಗಲ್ ರಸ್ತೆ ಎಂಬ ನಾಮಫಲಕ. ಕೇಳಿದರೆ ಕೆಲವರು ಯಾರೋ ಇಂಗ್ಲಿಷ್ ದೊರೆ ಇರಬೇಕು ಎಂದರು, ಕೆಲವರು ಅದು ಯಾವುದೋ ಊರಿನ ಹೆಸರೆಂದರು. ಅವರು ಇಂಗ್ಲಿಷರೂ ಅಲ್ಲ, ದೊರೆಯೂ ಅಲ್ಲ ಎಂದು ಓದಿ ತಿಳಿದ ಮೇಲೆ ನನಗೆ ಅವರ ಮೇಲೆ ಆಸಕ್ತಿ ಹೆಚ್ಚಾಯಿತು.

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಲೋಹ್ಮೆನ್ ಎಂಬ ಊರಿನಲ್ಲಿ. ಅದು ಡ್ರೆಸ್ಡೆನ್ ನಗರಕ್ಕೆ ಹತ್ತಿರದ ಸಣ್ಣ ಊರು. ಅವರು ತೋಟಗಾರಿಕೆ ಕಲಿತದ್ದು ಆ ಸೀಮೆಯ ವಿಲ್ಸ್‌ಡ್ರುಫ್ ಮತ್ತು ಪಿಲ್‌ನಿಟ್ಸ್ ಎಂಬ ಊರುಗಳಲ್ಲಿ. ಆ ಕಾಲಕ್ಕೆ ತೋಟಗಾರಿಕೆ ಎಂದರೆ ಬಡಗಿ, ಕಮ್ಮಾರರ ಕೆಲಸದ ಹಾಗೆ ಕೈಯಿಂದ ಕಲಿಯುವ ಕಸುಬು. ಮಣ್ಣು ಹದ ಮಾಡುವುದು, ಗೊಬ್ಬರ ಕಳಿಸುವುದು, ಕಸಿ ಕಟ್ಟುವುದು, ಸವರುವುದು ಎಲ್ಲವನ್ನೂ ಹಿರಿಯ ತೋಟಗಾರರ ಪಕ್ಕದಲ್ಲಿ ನಿಂತು ಕಲಿಯಬೇಕಿತ್ತು.

ಪಿಲ್‌ನಿಟ್ಸ್‌ನಲ್ಲಿ ಎಲ್ಬೆ ನದಿಯ ದಡದಲ್ಲಿ ರಾಜರ ಅರಮನೆ ಮತ್ತು ತೋಟ ಇದೆ. ಆ ತೋಟದಲ್ಲಿ 1801ರ ಸುಮಾರಿಗೆ ನೆಟ್ಟ ಒಂದು ಕಮೀಲಿಯಾ ಗಿಡ ಇಂದಿಗೂ ಹೂ ಬಿಡುತ್ತಿದೆ. ಅಲ್ಲಿಯ ಹಿಮ ಬೀಳುವ ಚಳಿಗೆ ಆ ಗಿಡ ಉಳಿಯುವಂಥದ್ದಲ್ಲ. ಅದಕ್ಕಾಗಿ ಪ್ರತಿ ಚಳಿಗಾಲಕ್ಕೂ ಗಿಡದ ಸುತ್ತ ಮರದ ಹಲಗೆಯ ಮನೆ ಕಟ್ಟಿ, ಒಳಗೆ ಬೆಚ್ಚಗಿಟ್ಟು, ಚಳಿ ಕಳೆದ ಮೇಲೆ ಬಿಚ್ಚುತ್ತಿದ್ದರಂತೆ. ಈಗ ಅದಕ್ಕೆ ಹಳಿಯ ಮೇಲೆ ಸರಿಯುವ ಗಾಜಿನ ಮನೆಯೇ ಇದೆ. ಪಿಲ್‌ನಿಟ್ಸ್‌ನಲ್ಲಿ ಕಲಿತ ಹುಡುಗ ಆ ಗಿಡವನ್ನು ನೋಡದೆ ಇರಲಾರ. ಒಂದು ಗಿಡವನ್ನು ನೆಡುವುದು ಒಂದು ದಿನದ ಕೆಲಸ, ಉಳಿಸುವುದು ಹಲವು ತಲೆಮಾರಿನ ಕೆಲಸ ಎಂಬ ಪಾಠ ಅವರಿಗೆ ಅಲ್ಲಿಯೇ ಸಿಕ್ಕಿರಬೇಕು ಎಂದು ನಾನು ಊಹಿಸುತ್ತೇನೆ.

ಮುಂದೆ ಅವರು ಶ್ವೆರಿನ್, ಹ್ಯಾಂಬರ್ಗ್ ಮುಂತಾದ ನಗರಗಳಲ್ಲಿ ಕೆಲಸ ಮಾಡಿ, 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳನ್ನು ರೂಪಿಸುವ ಕೆಲಸ ಸಿಕ್ಕಿತು. ಅಲ್ಲಿಂದ ಕ್ಯೂ ಸಸ್ಯೋದ್ಯಾನ ಸೇರಿದರು. ಪ್ರಪಂಚದ ಮೂಲೆಮೂಲೆಯ ಗಿಡಗಳನ್ನು ತರಿಸಿ, ಬೆಳೆಸಿ, ಹೆಸರಿಟ್ಟು, ಬೇರೆ ದೇಶಗಳಿಗೆ ಕಳಿಸುತ್ತಿದ್ದ ದೊಡ್ಡ ಸಂಸ್ಥೆ ಅದು. ನಮ್ಮ ಲಾಲ್‌ಬಾಗ್‌ಗೆ ಅವರಿಗಿಂತ ಮೊದಲು ಬಂದ ವಿಲಿಯಂ ನ್ಯೂ ಮತ್ತು ಜಾನ್ ಕ್ಯಾಮರಾನ್ ಇಬ್ಬರೂ ಕ್ಯೂ ತೋಟದಲ್ಲಿ ಪಳಗಿದವರೇ.

1893ರಲ್ಲಿ ಕೃಂಬಿಗಲ್ ಭಾರತಕ್ಕೆ ಬಂದರು. ಬರೋಡಾ ಸಂಸ್ಥಾನದ ಮಹಾರಾಜರಾದ ಮೂರನೇ ಸಯಾಜಿರಾವ್ ಗಾಯಕವಾಡರು ತಮ್ಮ ಸಂಸ್ಥಾನದ ಸಸ್ಯೋದ್ಯಾನಗಳನ್ನು ಅವರಿಗೆ ಒಪ್ಪಿಸಿದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಸಯಾಜಿರಾಯರು ಶಾಲೆ, ಗ್ರಂಥಾಲಯಗಳ ಜೊತೆಗೆ ಜನರಿಗಾಗಿ ಉದ್ಯಾನವೂ ಬೇಕೆಂದು ನಂಬಿದ್ದವರು. 1879ರಷ್ಟು ಹಿಂದೆಯೇ ಬರೋಡಾದಲ್ಲಿ ಸಾರ್ವಜನಿಕ ಉದ್ಯಾನ ಮಾಡಿಸಿದ್ದರು. ಅಲ್ಲಿ ಕಳೆದ ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಕೃಂಬಿಗಲ್ ನಮ್ಮ ದೇಶದ ಬಿಸಿಲು, ಮಳೆ, ಮಣ್ಣುಗಳನ್ನು ಅರಿತರು. ಯುರೋಪಿನಲ್ಲಿ ಕಲಿತದ್ದನ್ನು ಇಲ್ಲಿ ಹಾಗೆಯೇ ನೆಟ್ಟರೆ ನಡೆಯುವುದಿಲ್ಲ. ಅಲ್ಲಿ ಚಳಿಯಿಂದ ಗಿಡ ಕಾಯಬೇಕು, ಇಲ್ಲಿ ಬಿಸಿಲಿನಿಂದ ಕಾಯಬೇಕು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಕ್ಯಾಮರಾನ್ ಅವರ ನಂತರ ಲಾಲ್‌ಬಾಗ್‌ನ ಹೊಣೆ ಹೊತ್ತರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲ ಅದು. ಮರುವರ್ಷ ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದರು. ಒಂದು ಕಡೆ ಅಣೆಕಟ್ಟು, ಕಾರ್ಖಾನೆ, ಕಾಲೇಜುಗಳು ಏಳುತ್ತಿದ್ದಾಗ ಇನ್ನೊಂದು ಕಡೆ ಈ ತೋಟಗಾರರು ನಗರದ ಹಸಿರಿನ ಲೆಕ್ಕ ಹಾಕುತ್ತಿದ್ದರು.

ಲಾಲ್‌ಬಾಗ್ ಆಗಲೇ ಹಳೆಯ ತೋಟ. 1760ರಲ್ಲಿ ಹೈದರ್ ಅಲಿ ಸುಮಾರು 40 ಎಕರೆಯಲ್ಲಿ ಆರಂಭಿಸಿದ್ದು, ಟಿಪ್ಪು ಸುಲ್ತಾನ್ ದೂರದ ನಾಡುಗಳಿಂದ ಗಿಡ ತರಿಸಿ ಬೆಳೆಸಿದ್ದು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಕ್ಯಾಮರಾನ್ ಅವರ ಕಾಲದಲ್ಲಿ ಗಾಜಿನ ಮನೆ ಎದ್ದಿತು, ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ನಾವು ಪಲ್ಯ ಮಾಡಿ ತಿನ್ನುವ ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವರೂ ಕ್ಯಾಮರಾನ್ ಅವರೇ. ಹಂತಹಂತವಾಗಿ ಹಿಗ್ಗುತ್ತಾ ಬಂದ ತೋಟ ಇಂದು 240 ಎಕರೆ ಇದೆ.

ಇಂಥ ತೋಟಕ್ಕೆ ಬಂದ ಹೊಸ ಅಧಿಕಾರಿ ಹಳೆಯದನ್ನು ಕಿತ್ತುಹಾಕಿ ತನ್ನ ಗುರುತು ಮೂಡಿಸಲು ಹೊರಡುವುದು ಸಾಮಾನ್ಯ. ಕೃಂಬಿಗಲ್ ಇದ್ದದ್ದನ್ನು ಉಳಿಸಿಕೊಂಡು ಅದರ ಮೇಲೆ ಬೆಳೆಸಿದರು. ಹೊರದೇಶದ ಸಸ್ಯೋದ್ಯಾನಗಳ ಜೊತೆ ಪತ್ರವ್ಯವಹಾರ ಇಟ್ಟುಕೊಂಡು ಇಲ್ಲಿಂದ ಬೀಜ ಕಳಿಸಿದರು, ಅಲ್ಲಿಂದ ಬೀಜ ತರಿಸಿದರು. ಬಂದ ಬೀಜವನ್ನು ಲಾಲ್‌ಬಾಗ್‌ನಲ್ಲಿ ಮೊದಲು ಬೆಳೆಸಿ ನೋಡಿ, ಇಲ್ಲಿನ ಹವೆಗೆ ಒಗ್ಗುತ್ತದೆ ಎಂದು ತಿಳಿದ ಮೇಲೆ ಹೊರಗೆ ಕಳಿಸುವ ಕ್ರಮ ಅದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಉಷ್ಣವಲಯದ ಮರಗಳೂ ತಂಪು ಸೀಮೆಯ ಹಲವು ಗಿಡಗಳೂ ಇಲ್ಲಿ ಬದುಕುತ್ತವೆ. ಈ ಅನುಕೂಲವನ್ನು ಅವರು ಪೂರ್ತಿಯಾಗಿ ಬಳಸಿಕೊಂಡರು.

ಅವರ ಹೆಸರನ್ನು ಬೆಂಗಳೂರಿನಲ್ಲಿ ಉಳಿಸಿದ ಕೆಲಸ ಎಂದರೆ ಬೀದಿಬದಿಯ ಸರದಿ ಹೂಮರಗಳು. ಇದನ್ನು ಸ್ವಲ್ಪ ವಿವರಿಸುತ್ತೇನೆ. ಅನೇಕ ಹೂಮರಗಳು ಬೇಸಿಗೆಗೆ ಮುಂಚೆ ಎಲೆ ಉದುರಿಸಿ, ಬರಿಯ ಕೊಂಬೆಗಳ ಮೇಲೆ ಹೂ ತುಂಬಿಕೊಳ್ಳುತ್ತವೆ. ಆದರೆ ಒಂದೊಂದು ಜಾತಿಯ ಸಮಯ ಒಂದೊಂದು. ಬೀದಿಯುದ್ದಕ್ಕೂ, ಬಡಾವಣೆಯುದ್ದಕ್ಕೂ ಒಂದೇ ಜಾತಿ ನೆಟ್ಟರೆ ಎರಡು ವಾರ ಜಾತ್ರೆ, ಉಳಿದ ವರ್ಷವೆಲ್ಲ ಬಯಲು. ಬೇರೆ ಬೇರೆ ತಿಂಗಳಲ್ಲಿ ಅರಳುವ ಜಾತಿಗಳನ್ನು ಲೆಕ್ಕ ಹಾಕಿ ಬೇರೆ ಬೇರೆ ಬೀದಿಗಳಿಗೆ ಹಂಚಿದರೆ, ಒಂದು ಕಡೆ ಹೂ ಉದುರುವಾಗ ಇನ್ನೊಂದು ಕಡೆ ಮೊಗ್ಗು ಬಿಡುತ್ತದೆ. ವರ್ಷದ ಯಾವ ತಿಂಗಳಿನಲ್ಲೂ ನಗರ ಹೂವಿಲ್ಲದೆ ಇರುವುದಿಲ್ಲ. ನಮ್ಮಜ್ಜಂದಿರು ಪಂಚಾಂಗ ನೋಡಿ ಬಿತ್ತನೆ ಮಾಡುತ್ತಿದ್ದರಲ್ಲ, ಹಾಗೆ ಒಂದು ನಗರಕ್ಕೆ ಹೂವಿನ ಪಂಚಾಂಗ ಬರೆದಂತೆ ಇದು.

ಇಂದು ಬೆಂಗಳೂರಿನಲ್ಲಿ ಆ ಪಂಚಾಂಗವನ್ನು ಕಣ್ಣಾರೆ ಓದಬಹುದು. ವರ್ಷದ ಆರಂಭದಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಅದರ ಹಿಂದೆಯೇ ಹಳದಿ ಟಬೂಬಿಯಾ. ಮಾರ್ಚ್ ಹೊತ್ತಿಗೆ ನೀಲಿ ಜಕರಂಡಾ. ಯುಗಾದಿ ಕಳೆಯುತ್ತಲೇ ಹೊಂಗೆ ಹೂ ನೆಲಕ್ಕೆ ಹಾಸು ಹಾಕುತ್ತದೆ, ಕಕ್ಕೆಮರ ಚಿನ್ನದ ಗೊಂಚಲು ಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಲ್‌ಮೊಹರ್. ನಮ್ಮ ಶಾಲೆಯ ಮಕ್ಕಳು ಅದರ ಉದ್ದ ಕಾಯಿ ಹಿಡಿದು ಯುದ್ಧವಾಡಿ ಕತ್ತಿಕಾಯಿ ಮರ ಎಂದು ಕರೆದದ್ದು ಇದನ್ನೇ. ಆಮೇಲೆ ಹಳದಿ ಹೂವಿನ ಪೆಲ್ಟೊಫೋರಂ, ಹೊಳೆದಾಸವಾಳ. ಮೊಗ್ಗು ಹಿಸುಕಿ ಒಬ್ಬರಿಗೊಬ್ಬರು ನೀರು ಚಿಮ್ಮಿಸುತ್ತಿದ್ದ ನೀರುಕಾಯಿ ಮರ ಆಫ್ರಿಕಾದಿಂದ ಬಂದದ್ದು. ಮಳೆಗಾಲ ಮುಗಿಯುವಾಗ ಆಕಾಶಮಲ್ಲಿಗೆಯ ಬಿಳಿ ಹೂ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಇವೆಲ್ಲವನ್ನೂ ಕೃಂಬಿಗಲ್ ಒಬ್ಬರೇ ತಂದು ನೆಟ್ಟರು ಎಂದರೆ ಅದು ಅವರಿಗೂ ನ್ಯಾಯವಲ್ಲ, ಉಳಿದವರಿಗೂ ನ್ಯಾಯವಲ್ಲ. ಕೆಲವು ಮರಗಳು ಅವರಿಗಿಂತ ಮೊದಲೇ ಬಂದಿದ್ದವು. ಹೊಂಗೆ, ಕಕ್ಕೆ ನಮ್ಮ ನೆಲದವೇ. ಇಂದು ನಾವು ನೋಡುವ ಬೀದಿಮರಗಳಲ್ಲಿ ಬಹಳಷ್ಟು 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್‌.ಜಿ. ನೇಗಿನಹಾಳರ ನೇತೃತ್ವದಲ್ಲಿ ನೆಟ್ಟು ಬೆಳೆಸಿದವು. ಆಗ ಲಕ್ಷಗಟ್ಟಲೆ ಸಸಿಗಳನ್ನು, ದನಕರು ಮೇಯದಂತೆ ಬೇಲಿ ಕಟ್ಟಿ, ಮನೆಯವರನ್ನೂ ಒಳಗೊಂಡು ಬೆಳೆಸಿದರು. ಕೃಂಬಿಗಲ್ ಕೊಟ್ಟದ್ದು ಒಂದು ಕ್ರಮ. ಯಾವ ಬೀದಿಗೆ ಯಾವ ಮರ, ಅದು ದೊಡ್ಡದಾದಾಗ ಎಷ್ಟು ಜಾಗ ಬೇಕು, ಯಾವಾಗ ಹೂ ಬಿಡುತ್ತದೆ, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಗುಂಡಿ ತೋಡುವ ಮೊದಲೇ ಯೋಚಿಸುವ ಕ್ರಮ. ಮರಗಳು ಮುದಿಯಾಗಿ ಬಿದ್ದವು, ಕ್ರಮ ಉಳಿದುಕೊಂಡಿತು.

ಈ ಕ್ರಮ ಉಳಿಯಲು ಅವರು ಮಾಡಿದ ಇನ್ನೆರಡು ಕೆಲಸಗಳೂ ಕಾರಣ. ಮೊದಲನೆಯದು, ತೋಟಗಾರರ ತರಬೇತಿ. ಬೆಂಗಳೂರಿನಲ್ಲಿ ತಿಗಳ ಸಮುದಾಯದವರು ತಲೆಮಾರುಗಳಿಂದ ಹೂ, ತರಕಾರಿ ಬೆಳೆಯುವುದರಲ್ಲಿ ನಿಪುಣರು. ಕೆರೆಯ ಕೆಳಗಿನ ತೋಟಗಳಲ್ಲಿ ಅವರು ಬೆಳೆಸಿದ ಜ್ಞಾನ ಪುಸ್ತಕದಲ್ಲಿ ಸಿಗುವುದಲ್ಲ. ಇಂಥ ಕೈಗಳ ಅನುಭವಕ್ಕೆ ಶಾಸ್ತ್ರದ ತಿಳಿವಳಿಕೆ ಸೇರಿದಾಗಲೇ ಲಾಲ್‌ಬಾಗ್ ದೊಡ್ಡ ತೋಟವಾಯಿತು. ಎರಡನೆಯದು, 1912ರಲ್ಲಿ ಆರಂಭವಾದ ಮೈಸೂರು ತೋಟಗಾರಿಕಾ ಸಂಘ. ಸಂಘ ಮತ್ತು ಫಲಪುಷ್ಪ ಪ್ರದರ್ಶನಗಳಿಂದ ಸಾಮಾನ್ಯ ಜನರೂ ತಮ್ಮ ಮನೆಯಂಗಳದ ಗಿಡಗಳನ್ನು ತಂದು ತೋರಿಸುವಂತಾಯಿತು. ಇಂದು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಮಯದಲ್ಲಿ ಗಾಜಿನ ಮನೆಯ ಮುಂದೆ ನಿಲ್ಲುವ ಜನರ ಸಾಲಿಗೆ ಇಷ್ಟು ಹಿಂದಿನ ಬೇರಿದೆ. ಸರ್ಕಾರದ ಗಿಡವನ್ನು ಸರ್ಕಾರ ಮಾತ್ರ ಕಾಯುತ್ತದೆ. ಜನರದೂ ಹೌದು ಎನಿಸಿದ ಗಿಡವನ್ನು ಹತ್ತು ಕಣ್ಣು ಕಾಯುತ್ತವೆ.

ಬೆಂಗಳೂರಿನಾಚೆಗೂ ಅವರ ಕೆಲಸ ಹಬ್ಬಿತು. ಕಟ್ಟಡ ಮತ್ತು ಊರು ಯೋಜನೆಯ ವಿಷಯದಲ್ಲೂ ಸಂಸ್ಥಾನ ಅವರ ಸಲಹೆ ಪಡೆಯುತ್ತಿತ್ತು. 1927ರಲ್ಲಿ ಕೃಷ್ಣರಾಜಸಾಗರದ ಕೆಳಗೆ ತೋಟ ಮಾಡಬೇಕೆಂಬ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸೆಗೆ ರೂಪ ಕೊಟ್ಟವರು ಕೃಂಬಿಗಲ್. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ತೋಟ 1932ರ ಹೊತ್ತಿಗೆ ಮುಗಿಯಿತು. ಅಣೆಕಟ್ಟು ಕಟ್ಟುವಾಗ ಕಲ್ಲುಮಣ್ಣು ತೆಗೆದು ಹಾಳಾದ ನೆಲ ಹಾಗೆಯೇ ಬಿಟ್ಟರೆ ಜಾಲಿ ಬೆಳೆಯುತ್ತದೆ. ಅಂಥ ಜಾಗವನ್ನು ಇಡೀ ದೇಶ ನೋಡಲು ಬರುವ ಹಾಗೆ ಮಾಡಿದ್ದು ಬೃಂದಾವನದ ಹಿರಿಮೆ.

ಅದೇ 1932ರಲ್ಲಿ ಅವರು ನಿವೃತ್ತರಾದರು. ಇಪ್ಪತ್ತನಾಲ್ಕು ವರ್ಷದ ಸೇವೆಯ ನಂತರ ಲಾಲ್‌ಬಾಗ್‌ನ ಚುಕ್ಕಾಣಿ ಎಚ್‌.ಸಿ. ಜವರಾಯರ ಕೈಗೆ ಬಂತು. ಅವರ ಕಾಲದಲ್ಲಿ, 1935ರಲ್ಲಿ, ಭದ್ರಾವತಿಯ ಉಕ್ಕನ್ನು ಬಳಸಿ ಗಾಜಿನ ಮನೆಯನ್ನು ವಿಸ್ತರಿಸಲಾಯಿತು. ಮುಂದೆ ಡಾ. ಎಂ.ಎಚ್‌. ಮರಿಗೌಡರು ಬಂದು ತೋಟಗಾರಿಕೆಯನ್ನು ಅರಮನೆ, ನಗರಗಳ ಆಚೆಗೆ, ನಮ್ಮಂಥ ಹಳ್ಳಿಗಳ ರೈತರ ಹೊಲದವರೆಗೆ ತಂದರು. ನಮ್ಮೂರಿನಲ್ಲಿ ಮಾವು, ಸಪೋಟ ತೋಟ ಮಾಡಿದ ಹಿರಿಯರಿಗೆ ತೋಟಗಾರಿಕೆ ಇಲಾಖೆಯ ಸಸಿಗಳ ನೆನಪಿರಬಹುದು. ಒಬ್ಬರಿಂದ ಇನ್ನೊಬ್ಬರಿಗೆ ಕೈದಾಟುತ್ತಾ ಬಂದದ್ದರಿಂದಲೇ ಲಾಲ್‌ಬಾಗ್ ಉಳಿದಿದೆ. ರಾಜ ಬದಲಾದ, ಧ್ವಜ ಬದಲಾಯಿತು, ಸರ್ಕಾರಗಳು ಬದಲಾದವು. ನೀರು ಹಾಕುವ ಕೆಲಸ ನಿಲ್ಲಲಿಲ್ಲ.

ಕೃಂಬಿಗಲ್ ಅವರ ಬದುಕಿನಲ್ಲಿ ಕಷ್ಟದ ಅಧ್ಯಾಯವೂ ಇದೆ. ಜರ್ಮನಿ ಮತ್ತು ಬ್ರಿಟನ್ ನಡುವೆ ಯುದ್ಧ ನಡೆದಾಗ, ಹುಟ್ಟಿದ ದೇಶದ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಸಂಶಯದಿಂದ ನೋಡಿತು. ಬಂಧನವನ್ನೂ ಅವರು ಅನುಭವಿಸಬೇಕಾಯಿತು. ಎರಡನೇ ಮಹಾಯುದ್ಧ ಆರಂಭವಾದಾಗ ಅವರಿಗೆ ಎಪ್ಪತ್ತು ದಾಟಿತ್ತು. ಜೀವಮಾನವನ್ನೆಲ್ಲ ಈ ನೆಲಕ್ಕೆ ನೆರಳು ತರಲು ಕಳೆದವರನ್ನು ಶತ್ರು ದೇಶದವರ ಪಟ್ಟಿಗೆ ಸೇರಿಸಿದಾಗ ಅವರಿಗೆ ಏನೆನಿಸಿತೋ. ಯುದ್ಧ ಮುಗಿದ ಮೇಲೂ ಅವರು ಬೆಂಗಳೂರು ಬಿಟ್ಟು ಹೋಗಲಿಲ್ಲ. 1956ರ ಫೆಬ್ರವರಿ 8ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಇಲ್ಲಿಯೇ ತೀರಿಕೊಂಡರು. ಕನ್ನಡ ನಾಡು ಒಂದಾಗಲು ಆಗ ಒಂಬತ್ತು ತಿಂಗಳಷ್ಟೇ ಉಳಿದಿತ್ತು. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಲಾಲ್‌ಬಾಗ್‌ನ ಒಳಗೆ ಅವರ ಹೆಸರಿನ ಒಂದು ಹಳೆಯ ಭವನವೂ ಇದೆ. ಹೆಸರು ಇಟ್ಟಿದ್ದೇನೋ ಇಟ್ಟರು, ಕಟ್ಟಡವನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಲಿಲ್ಲ. ಶಿಥಿಲವಾಗಿದ್ದ ಆ ಭವನ 2017ರಲ್ಲಿ ಕುಸಿಯಿತು. ಆಮೇಲೆ ಹಳೆಯ ರೂಪದಲ್ಲಿಯೇ ಮತ್ತೆ ಕಟ್ಟಿದರು. ಗೌರವ ಎಂದರೆ ಫಲಕ ಹಾಕುವುದಷ್ಟೇ ಅಲ್ಲ, ಚಾವಣಿ ಸೋರದಂತೆ ವರ್ಷವರ್ಷ ನೋಡುವುದೂ ಹೌದು ಎಂದು ಅದು ನಮಗೆಲ್ಲ ತೋರಿಸಿತು.

ಅವರ ಕಾಲದ ಎಲ್ಲವನ್ನೂ ನಾವು ಕಣ್ಣುಮುಚ್ಚಿ ಅನುಸರಿಸಬೇಕೆಂದಿಲ್ಲ. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡಾ ಮತ್ತು ಮಳೆಮರ ಅಮೆರಿಕ ಖಂಡದವು. ನೋಡಲು ಚೆಂದ, ಕೆಲವು ಒಳ್ಳೆಯ ನೆರಳೂ ಕೊಡುತ್ತವೆ. ಆದರೆ ನಮ್ಮ ಹಕ್ಕಿಪಕ್ಷಿಗೆ ಅತ್ತಿ, ಆಲ, ನೇರಳೆ ಕೊಡುವಷ್ಟು ಹಣ್ಣನ್ನು ಅವು ಕೊಡುವುದಿಲ್ಲ. ಅದಕ್ಕಾಗಿಯೇ ಇಂದು ತಿಳಿದವರು ನಾಡಿನ ಮರಗಳಿಗೆ ಒತ್ತು ಕೊಡುತ್ತಿದ್ದಾರೆ. ಅಪ್ಪ ನೆಟ್ಟ ಆಲದಮರ ಎಂದು ಅದಕ್ಕೇ ಜೋತುಬೀಳಬಾರದು ಎಂಬ ಗಾದೆಯ ಅರ್ಥ ಇಲ್ಲೂ ಸಲ್ಲುತ್ತದೆ. ಜಾತಿ ಬದಲಿಸೋಣ, ಕ್ರಮ ಬಿಡುವುದು ಬೇಡ.

ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಶಾಲೆಗೆ ಐವತ್ತು ತುಂಬಿದ ಸಂತೋಷಕ್ಕೆ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದೇವೆ. ಮುಂಬಾಗಿಲಿಗೆ ಕಮಾನು, ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್, ಪೂರ್ವದ ಕಡೆ ಶಾಶ್ವತ ವೇದಿಕೆ ಎಂಬ ಮೂರು ಯೋಜನೆಗಳು ಸಮಿತಿಯ ಮುಂದಿವೆ. ವೇದಿಕೆಗೆ ಗುರುತು ಹಾಕಿದ ಜಾಗದಲ್ಲಿ ಆರು ಹೊಂಗೆ ಮರಗಳಿವೆ. ಶಾಲೆಯ ಮೊದಲ ತಂಡಗಳ ಅಣ್ಣ ಅಕ್ಕಂದಿರು ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಉಳಿಸಿದ ಮರಗಳು ಅವು. ಬಿಸಿಯೂಟ ಬಂದ ಮೇಲೆ ಎಷ್ಟೋ ವರ್ಷ ಮಕ್ಕಳು ಊಟ ಮಾಡಿದ್ದು ಆ ನೆರಳಿನಲ್ಲೇ. ವೇದಿಕೆ ಬೇಕು ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ವಾರ್ಷಿಕೋತ್ಸವಕ್ಕೆ ಪ್ರತಿ ಸಲ ಶಾಮಿಯಾನ, ಹಲಗೆ ಬಾಡಿಗೆಗೆ ತರುವುದು ಶಾಲೆಗೆ ಭಾರ. ಆದರೆ ಪಶ್ಚಿಮದ ಗೋಡೆಯ ಕಡೆ ಜಾಗವಿದೆ. ವೇದಿಕೆಯನ್ನು ಅಲ್ಲಿಗೆ ಸರಿಸಿದರೆ ಹೊಂಗೆ ಸಾಲು ಉಳಿಯುತ್ತದೆ, ನೋಡುವವರಿಗೆ ನೆರಳೂ ಸಿಗುತ್ತದೆ. ವೇದಿಕೆ ಕಟ್ಟಲು ಎರಡು ತಿಂಗಳು ಸಾಕು. ಅಂಥ ಹೊಂಗೆ ಬೆಳೆಯಲು ನಮ್ಮ ಶಾಲೆಯ ವಯಸ್ಸೇ ಬೇಕು.

ಟೈಲ್ಸ್ ಹಾಕುವುದಾದರೂ ಮರದ ಬುಡಕ್ಕೆ ಒತ್ತಿ ಹಾಕುವುದು ಬೇಡ ಎಂದು ನನ್ನ ವಿನಂತಿ. ಬುಡದ ಸುತ್ತ ಅಗಲವಾಗಿ ಮಣ್ಣು ಬಿಟ್ಟರೆ ಮಳೆನೀರು ಬೇರಿಗೆ ಇಳಿಯುತ್ತದೆ, ಬೇರು ಉಸಿರಾಡುತ್ತದೆ. ಬೆಂಗಳೂರಿನಲ್ಲಿ ಒಳ್ಳೆಯ ಗಾಳಿಮಳೆ ಬಂದ ಮರುದಿನ ಮರ ಉರುಳಿದ ಸುದ್ದಿ ಇದ್ದೇ ಇರುತ್ತದೆ. ಹೋಗಿ ನೋಡಿದರೆ ಎಷ್ಟೋ ಕಡೆ ಬುಡದವರೆಗೂ ಕಾಂಕ್ರೀಟ್, ಚರಂಡಿಗಾಗಿ ಒಂದು ಕಡೆಯ ಬೇರೆಲ್ಲ ಕಡಿದುಹೋಗಿರುತ್ತದೆ. ತಪ್ಪು ಮರದ ಮೇಲೆ ಬೀಳುತ್ತದೆ.

ಇನ್ನೊಂದು ಮಾತು. ಪ್ರತಿ ವರ್ಷ ಜೂನ್ 5ರಂದು ಊರೂರಿನ ಶಾಲೆಗಳಲ್ಲಿ ಪರಿಸರ ದಿನ ಆಚರಿಸುತ್ತಾರೆ. ಭಾಷಣ, ಫೋಟೊ ಮುಗಿದ ಮೇಲೆ ಸಸಿಯ ಕಡೆ ತಿರುಗಿ ನೋಡುವವರಿಲ್ಲ. ಏಪ್ರಿಲ್ ರಜೆಯಲ್ಲಿ ಅದು ಒಣಗುತ್ತದೆ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಇನ್ನೊಂದು ಸಸಿ. ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ ಆಲದ ಮರಗಳನ್ನು ನಾವೆಲ್ಲ ಕೊಂಡಾಡುತ್ತೇವೆ. ಅವರ ಹೆಚ್ಚುಗಾರಿಕೆ ನೆಟ್ಟದ್ದರಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚು, ಬೇಸಿಗೆಯಲ್ಲಿ ಮೈಲಿಗಟ್ಟಲೆ ನೀರು ಹೊತ್ತದ್ದರಲ್ಲಿದೆ. ಸಯಾಜಿರಾಯರ, ಒಡೆಯರ ಬೆಂಬಲ ಪಡೆದ ಕೃಂಬಿಗಲ್ ಎಲ್ಲಿ, ಕೂಲಿ ಮಾಡಿ ಬದುಕಿದ ತಿಮ್ಮಕ್ಕ ಎಲ್ಲಿ. ಮರ ಮಾತ್ರ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿತು: ನಾಳೆ ನೀರು ಹಾಕುವವರು ಯಾರು?

ನನ್ನ ಉದ್ಯೋಗದಲ್ಲೂ ಇದನ್ನೇ ಕಾಣುತ್ತೇನೆ. ಸಾಫ್ಟ್‌ವೇರ್ ಎಂದರೆ ದಿನವೂ ಹೊಸದು ಮಾಡುವ ಕೆಲಸ ಎಂದು ಊರಿನಲ್ಲಿ ಹಲವರು ಅಂದುಕೊಂಡಿದ್ದಾರೆ. ನಿಜವಾಗಿ ನಮ್ಮ ಹೆಚ್ಚಿನ ಸಮಯ ಹೋಗುವುದು ಹತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟುಹೋದದ್ದನ್ನು ಕೆಡದಂತೆ ನೋಡಿಕೊಳ್ಳುವುದರಲ್ಲಿ. ಬರೆದವರು ಏನು ಮಾಡಿದ್ದೇವೆಂದು ವಿವರ ಇಟ್ಟುಹೋಗಿದ್ದರೆ ನಮಗೆ ಸುಲಭ, ಇಡದಿದ್ದರೆ ರಾತ್ರಿ ನಿದ್ದೆ ಇಲ್ಲ. ಆ ಅನುಭವದಿಂದಲೇ ಒಂದು ಸಲಹೆ ಕೊಡುತ್ತೇನೆ. ಮಕ್ಕಳಿಗೆ ಹಾಜರಿ ಪುಸ್ತಕ ಇರುವ ಹಾಗೆ ಶಾಲೆಯ ಮರಗಳಿಗೂ ಒಂದು ರಿಜಿಸ್ಟರ್ ಇರಲಿ. ಪ್ರತಿ ಮರಕ್ಕೊಂದು ನಂಬರ್, ಜಾತಿ, ನೆಟ್ಟ ವರ್ಷ, ನೋಡಿಕೊಳ್ಳುವ ತಂಡ, ಕೊನೆಯ ಸಲ ಸವರಿದ ದಿನ. ಒಂದೊಂದು ಎಸ್‌.ಎಸ್‌.ಎಲ್‌.ಸಿ. ತಂಡ ಐದೈದು ಸಸಿಗಳ ಹೊಣೆ ಹೊರಲಿ, ಒಂದು ದಿನಕ್ಕಲ್ಲ, ಮೂರು ಬೇಸಿಗೆಗೆ. ಮೂರು ಬೇಸಿಗೆ ದಾಟಿದ ನಾಡಮರ ಆಮೇಲೆ ಸಾಮಾನ್ಯವಾಗಿ ತನ್ನ ಕಾಲ ಮೇಲೆ ನಿಲ್ಲುತ್ತದೆ.

ಯಾವ ಮರ ಎಂಬುದಕ್ಕೆ ಒಂದು ಸಣ್ಣ ಪಂಚಾಂಗವನ್ನೂ ಹಾಕಬಹುದು. ಶಿವರಾತ್ರಿಯ ಹೊತ್ತಿಗೆ ಕೆಂಪಗೆ ಉರಿಯುವ ಮುತ್ತುಗ, ಯುಗಾದಿಗೆ ಬೇವು ಮತ್ತು ಹೊಂಗೆ, ಪರೀಕ್ಷೆ ಮುಗಿಯುವಾಗ ಕಕ್ಕೆ, ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಮಕ್ಕಳ ನಾಲಿಗೆ ನೀಲಿ ಮಾಡಲು ನೇರಳೆ. ನಮ್ಮ ಮೈದಾನದ ಸುತ್ತ ಇವಿಷ್ಟು ಇದ್ದರೆ ಮಕ್ಕಳು ತಿಂಗಳುಗಳನ್ನು ಮರ ನೋಡಿಯೇ ಹೇಳಬಲ್ಲರು. ಬೇಲಿಗೆ ಮತ್ತು ಮೊದಲ ಬೇಸಿಗೆಯ ಟ್ಯಾಂಕರ್ ನೀರಿಗೆ ಬೇಕಾದ ಹಣವನ್ನು ನಮ್ಮ 2005ನೇ ಸಾಲಿನ ತಂಡ ಕೊಡಲು ಒಪ್ಪಿದೆ. ನೀರು ಹಾಕುವ ಕೈಗಳು ಊರಿನಲ್ಲಿರುವವರದೇ ಆಗಬೇಕು. ಅದಕ್ಕಾಗಿ ಊರಿನ ಹಿರಿಯರಲ್ಲಿ, ಈಗಿನ ಶಿಕ್ಷಕವೃಂದದಲ್ಲಿ, ಎಸ್‌.ಡಿ.ಎಂ.ಸಿ. ಸದಸ್ಯರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಲೋಹ್ಮೆನ್ ಎಂಬ ಊರಿನಿಂದ ಬಂದ ಒಬ್ಬರು, ತಮ್ಮದಲ್ಲದ ನಾಡಿನಲ್ಲಿ, ತಾವು ಕೂರಲಾರದ ನೆರಳಿಗಾಗಿ ನಲವತ್ತು ವರ್ಷ ದುಡಿದರು. ಈ ಶಾಲೆ ನಮ್ಮದೇ. ಇದರ ನೆರಳಿನಲ್ಲಿ ಕೂರುವವರು ನಮ್ಮ ಮಕ್ಕಳೇ. ವೇದಿಕೆಯ ಜಾಗ ತೀರ್ಮಾನಿಸುವ ಸಭೆಗೆ ಎಲ್ಲ ತಂಡದವರೂ ಬಂದು, ಮೊದಲು ಆ ಆರು ಹೊಂಗೆ ಮರಗಳ ಕೆಳಗೆ ಐದು ನಿಮಿಷ ನಿಂತು, ಆಮೇಲೆ ಮಾತಾಡೋಣ.